ಏನಿಲ್ಲಕ್ಕನ ಹನ್ನೊಂದು ‘ಗೊತ್ತಿಲ್ಲ’

ನಮ್ಮ ರೇಡಾರ್ ಕೇಂದ್ರದಲ್ಲಿ ಆಕೆಗೆ ಇದ್ದ ಹೆಸರು ಏನಿಲ್ಲಕ್ಕ. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿತ್ತು. ಆದರೆ ಗೇಟಿನ ಕಾವಲುಗಾರನಿಂದ ಹಿಡಿದು ನಿರ್ದೇಶಕರವರೆಗೆ ಎಲ್ಲರೂ ಕರೆಯುತ್ತಿದ್ದದ್ದು ಹೀಗೆಯೇ. ನಿರ್ದೇಶಕರು ಮಾತ್ರ ಎದುರಿಗೆ ಕರೆಯುತ್ತಿರಲಿಲ್ಲ. ನಾನು ಅಲ್ಲಿ ಉಗ್ರಾಣ ನೋಡಿಕೊಳ್ಳುತ್ತಿದ್ದವನು. ವೈರು, ವಾಲ್ವು, ಫ್ಯೂಸು, ಪೊರಕೆಗಳ ಒಡೆಯ. ವಿಜ್ಞಾನಕ್ಕೂ ನನಗೂ ಇದ್ದ ನಂಟು ಅಷ್ಟೇ. ಹಾಗಿದ್ದರೂ ಈ ಕಥೆಯಲ್ಲಿ ನನ್ನದೂ ಒಂದು ಸಣ್ಣ ಪಾಲಿದೆ. ಅದಕ್ಕೆ ಹೆಮ್ಮೆಪಡಬೇಕೋ ನಾಚಬೇಕೋ ಎಂಬುದು ನನ್ನಲ್ಲಿ ಇನ್ನೂ ತೀರ್ಮಾನವಾಗಿಲ್ಲ.

ಮೊದಲು ಆ ರೇಡಾರ್ ಏನು ಮಾಡುತ್ತಿತ್ತೆಂದು ಹೇಳಿಬಿಡುತ್ತೇನೆ. ಊರ ಹೊರಗಿನ ಬಯಲಿನಲ್ಲಿ ಸಾಲು ಸಾಲು ಕಂಬ, ಕಂಬದಿಂದ ಕಂಬಕ್ಕೆ ತಂತಿ. ದೂರದಿಂದ ನೋಡಿದವರು ಬಟ್ಟೆ ಒಣಹಾಕುವ ಜಾಗವೆಂದುಕೊಳ್ಳುತ್ತಿದ್ದರು. ಒಂದಿಬ್ಬರು ಒಣಹಾಕಿದ್ದೂ ಉಂಟು. ಆ ತಂತಿಗಳು ರೇಡಿಯೋ ಅಲೆಗಳನ್ನು ನೆಟ್ಟಗೆ ಮೇಲಕ್ಕೆ ಕಳಿಸುತ್ತಿದ್ದವು. ನೂರಾರು ಕಿಲೋಮೀಟರ್ ಎತ್ತರದಲ್ಲಿ ಬಿಸಿಲು ಗಾಳಿಯ ಕಣಗಳನ್ನು ಒಡೆದು ವಿದ್ಯುತ್ತಿನ ಒಂದು ಪದರ ಮಾಡಿಟ್ಟಿರುತ್ತದೆ. ಅದಕ್ಕೆ ಅಯಾನುಗೋಳ ಎನ್ನುತ್ತಾರೆ. ಭೂಮಧ್ಯರೇಖೆಗೆ ಹತ್ತಿರವಿರುವ ನಮ್ಮಂಥ ಕಡೆ, ಸೂರ್ಯ ಮುಳುಗುತ್ತಿದ್ದಂತೆ ಆ ಪದರ ಸರಸರನೆ ಮೇಲೇರುತ್ತದೆ. ಕೆಲವು ಸಂಜೆ ಅದರ ತಳ ಕದಡಿಹೋಗಿ, ಕುದಿಯುವ ನೀರಿನಲ್ಲಿ ಏಳುವಂತೆ ಗುಳ್ಳೆಗಳೇಳುತ್ತವೆ. ಒಂದೊಂದು ಗುಳ್ಳೆ ಒಂದು ಜಿಲ್ಲೆಯಷ್ಟು ಅಗಲ. ಅವುಗಳ ಮೂಲಕ ಹಾದುಬರುವ ಉಪಗ್ರಹದ ಸಂಕೇತ ತೊದಲುತ್ತದೆ, ಇಳಿಯಲು ಬಂದ ವಿಮಾನಕ್ಕೆ ತಾನೆಲ್ಲಿದ್ದೇನೆಂದೇ ಗಲಿಬಿಲಿಯಾಗುತ್ತದೆ.

ಪದರ ನಯವಾಗಿದ್ದರೆ ನಮ್ಮ ಅಲೆ ಅದನ್ನು ತೂರಿಕೊಂಡು ಹೊರಟೇ ಹೋಗುತ್ತಿತ್ತು. ಕದಡಿದ್ದರೆ ಮಾತ್ರ ಪ್ರತಿಧ್ವನಿ ವಾಪಸ್ಸು ಬರುತ್ತಿತ್ತು. ಅಂದರೆ ನಮ್ಮದು ಕೆಟ್ಟದ್ದನ್ನಷ್ಟೇ ಕಾಣುವ ಕಣ್ಣು. ಆಕಾಶ ಚೆನ್ನಾಗಿ ಕೆಟ್ಟ ಮಾರನೆಯ ದಿನ ವಿಜ್ಞಾನಿಗಳು ಒಬ್ಬರಿಗೊಬ್ಬರು ಕೈಕುಲುಕುತ್ತಿದ್ದರು. ಆಕಾಶ ಸರಿಯಾಗಿದ್ದ ದಿನ ಯಾರ ಮುಖದಲ್ಲೂ ಕಳೆ ಇರುತ್ತಿರಲಿಲ್ಲ.

ಏನಿಲ್ಲಕ್ಕ ಬಂದದ್ದು ಟೈಪಿಸ್ಟಾಗಿ. ಬಂದ ಮೂರನೇ ತಿಂಗಳಿಗೆ ಕೇಂದ್ರಕ್ಕೆ ಕಂಪ್ಯೂಟರುಗಳು ಬಂದವು, ವಿಜ್ಞಾನಿಗಳು ತಮ್ಮ ಬರಹವನ್ನು ತಾವೇ ಕುಟ್ಟಿಕೊಳ್ಳತೊಡಗಿದರು, ಆಕೆಯ ಟೈಪ್‌ರೈಟರು ನನ್ನ ಉಗ್ರಾಣ ಸೇರಿತು. ಆಕೆಯನ್ನೂ ಅದರ ಜೊತೆ ಕಳಿಸುವಂತಿರಲಿಲ್ಲ. ಹಾಗಾಗಿ ಯಾರಿಗೂ ಬೇಡವಾಗಿದ್ದ ಸಂಜೆ ಪಾಳಿಗೆ ಆಪರೇಟರ್ ಮಾಡಿದರು. ಮೂರು ಗಂಟೆಯಿಂದ ಒಂಬತ್ತರವರೆಗೆ ಕೆಲಸ. ಯಂತ್ರ ಹಚ್ಚುವುದು, ಸೂರ್ಯ ಮುಳುಗಿದ ಮೇಲೆ ಟೇಪು ಓಡಿಸಿ ಪರದೆಯ ಮುಂದೆ ಕೂರುವುದು, ಪ್ರತಿಧ್ವನಿ ಬಂದರೆ ಆ ಟೇಪನ್ನು ರಾತ್ರಿ ಪಾಳಿಯವನ ಕೈಗೆ ಕೊಡುವುದು. ಒಂಬತ್ತರವರೆಗೂ ಏನೂ ಬರದಿದ್ದರೆ ಯಂತ್ರ ಆರಿಸಿ ಮನೆಗೆ ಹೋಗುವುದು. ಟೇಪು ದುಬಾರಿಯಾದ್ದರಿಂದ, ಏನೂ ಬರದ ಸಂಜೆಯ ಟೇಪನ್ನು ಅಳಿಸಿ ಮರುದಿನಕ್ಕೆ ಬಳಸಬೇಕೆಂದು ಅಪ್ಪಣೆಯಾಗಿತ್ತು.

ಮೊದಲ ವಾರದಲ್ಲೇ ಆಕೆಗೆ ನಿರ್ದೇಶಕರಿಂದ ಬೈಗುಳ ಬಿತ್ತು. ಅಂದು ನಾನು ಅವರ ಕೋಣೆಯಲ್ಲಿ ಬಲ್ಬು ಬದಲಿಸುತ್ತಾ ಏಣಿಯ ಮೇಲಿದ್ದೆ.

“ಮಂಗಳವಾರ ಎಲ್ಲಿಗೆ ಹೋಗಿದ್ರಿ?”

“ಎಲ್ಲಿಗೂ ಹೋಗಿಲ್ಲ ಸಾರ್. ಇಲ್ಲೇ ಕೂತಿದ್ದೆ.”

“ಟೇಪ್ ಇಲ್ಲ, ಪುಸ್ತಕದಲ್ಲಿ ಒಂದಕ್ಷರ ಇಲ್ಲ. ಕೂತಿದ್ರಿ ಅಂತ ನಾನು ಹೇಗೆ ನಂಬಲಿ?”

“ಏನೂ ಬರಲಿಲ್ಲ ಸಾರ್. ಅದಕ್ಕೆ ಏನೂ ಬರೆದಿಲ್ಲ.”

“ಬರೆಯದೆ ಇದ್ರೆ ನೀವು ಬಂದೇ ಇಲ್ಲ ಅಂತ ಅರ್ಥ,” ಎಂದರು ನಿರ್ದೇಶಕರು. ಅವರಿಗೆ ಮಂಗಳವಾರದ ಆಕಾಶಕ್ಕಿಂತ ಮಂಗಳವಾರದ ಹಾಜರಿ ಮುಖ್ಯವಾಗಿತ್ತು.

ಆಕೆ ಹೊರಬಂದು, ನೇರ ನನ್ನ ಉಗ್ರಾಣಕ್ಕೆ ನಡೆದು ಗಟ್ಟಿ ರಟ್ಟಿನ ದಪ್ಪ ಪುಸ್ತಕವೊಂದನ್ನು ಕೇಳಿ ಪಡೆದಳು. ಅಂದಿನಿಂದ ಅರ್ಧ ಗಂಟೆಗೊಮ್ಮೆ ಅದರಲ್ಲಿ ಬರೆಯತೊಡಗಿದಳು. ಮೊದಲು ಹೊತ್ತು. ಆಮೇಲೆ ಅಲೆ ಕಳಿಸುವ ಯಂತ್ರದ ಶಕ್ತಿ ಎಷ್ಟಿದೆಯೆಂದು ಮುಳ್ಳು ನೋಡಿ ಒಂದು ಅಂಕಿ. ಆಮೇಲೆ ಒಂದು ಗುಂಡಿ ಒತ್ತಿ, ಯಂತ್ರಕ್ಕೆ ಸಣ್ಣದೊಂದು ಸುಳ್ಳು ಪ್ರತಿಧ್ವನಿ ಕೊಟ್ಟು, ಅದು ಪರದೆಯಲ್ಲಿ ಕಂಡಿತೆಂಬುದಕ್ಕೆ ಒಂದು ಗೀಟು. ಕೊನೆಗೆ, ‘ಏನೂ ಇಲ್ಲ’.

“ಆ ಸುಳ್ಳು ಪ್ರತಿಧ್ವನಿ ಯಾಕಕ್ಕಾ?” ಎಂದು ಕೇಳಿದ್ದೆ.

“ಕಿವಿ ಕೇಳಿಸದವನು ಮನೇಲಿ ಸದ್ದೇ ಇಲ್ಲ ಅಂದ್ರೆ ನಂಬ್ತೀರಾ? ಯಂತ್ರಕ್ಕೆ ಕಿವಿ ನೆಟ್ಟಗಿದೆಯಾ ಅಂತ ನೋಡ್ಕೊಂಡೇ ನಾನು ಇಲ್ಲ ಅನ್ನಬೇಕು.”

ಹೀಗೆ ಹುಟ್ಟಿಕೊಂಡಿತು ಆ ಹೆಸರು. ಆಕೆಗೆ ಬೇಸರವಿರಲಿಲ್ಲ. ಟೈಪಿಸ್ಟಾಗಿದ್ದಾಗ ಯಾರಿಗೂ ಆಕೆಯ ಹೆಸರೇ ಗೊತ್ತಿರಲಿಲ್ಲವಂತೆ.

ಮನೆಯಲ್ಲಿ ಇದನ್ನೆಲ್ಲ ವಿವರಿಸುವುದು ಕಷ್ಟವಾಗಿತ್ತು. ಗಂಡ ಬೇಕರಿಯಲ್ಲಿ ಬ್ರೆಡ್ ಸುಡುವವರು. ಬೆಳಗಿನ ಜಾವ ಹೊರಟರೆ ಹಿಂದಿರುಗುತ್ತಿದ್ದದ್ದು ಮಧ್ಯಾಹ್ನ. ಆಕೆ ಎರಡೂವರೆಗೆ ಬಸ್ಸು ಹತ್ತಬೇಕು, ಮರಳುವಷ್ಟರಲ್ಲಿ ಅವರಿಗೆ ಅರ್ಧ ನಿದ್ದೆ. ವಾರದ ರಜೆಯೂ ಬೇರೆ ಬೇರೆ ದಿನ. ಗಂಡ ಹೆಂಡತಿ ಇಬ್ಬರೂ ಎಚ್ಚರವಾಗಿ ಒಂದೇ ಕಡೆ ಇರುತ್ತಿದ್ದದ್ದು ದಿನಕ್ಕೆ ಎರಡು ಗಂಟೆ, ಅದರಲ್ಲೂ ಮುಕ್ಕಾಲು ಪಾಲು ಅತ್ತೆಯ ಎದುರಿಗೆ. ಮಗಳೊಬ್ಬಳು ಶಾಲೆಗೆ ಹೋಗುತ್ತಿದ್ದಳು. ಅತ್ತೆ ಊರಿನ ಬಟ್ಟೆ ಗಿರಣಿಯಲ್ಲಿ ಮೂವತ್ತು ವರ್ಷ ಮಗ್ಗ ನಡೆಸಿ ನಿವೃತ್ತರಾದವರು; ದಿನದ ಕೊನೆಗೆ ಕೈಗೆ ಸಿಗುವಂಥದ್ದು ಇಷ್ಟಾದರೂ ಇರದಿದ್ದರೆ ಅದನ್ನು ಕೆಲಸವೆಂದು ಒಪ್ಪುತ್ತಿರಲಿಲ್ಲ.

“ಇವತ್ತು ಏನು ಕಂಡಿ?” ಎಂದು ದಿನಾ ಕೇಳುತ್ತಿದ್ದರು.

“ಏನೂ ಇಲ್ಲ ಅತ್ತೆ.”

“ನಿನ್ನೆ?”

“ನಿನ್ನೇನೂ ಇಲ್ಲ.”

“ಹಾಗಾದ್ರೆ ಅವರು ನಿನ್ನನ್ನ ಯಾಕೆ ಇಟ್ಕೊಂಡಿದ್ದಾರೆ? ಏನೂ ಇಲ್ಲ ಅನ್ನೋದು ನನಗೂ ಬರುತ್ತಲ್ಲ, ಮನೇಲಿ ಕೂತೇ ಹೇಳ್ತೀನಿ.”

ಕೇಂದ್ರದಲ್ಲಿ ಬಹುತೇಕ ಎಲ್ಲರ ಅಭಿಪ್ರಾಯವೂ ಇದೇ ಆಗಿತ್ತು. ಅತ್ತೆಯಷ್ಟು ನೇರವಾಗಿ ಹೇಳುತ್ತಿರಲಿಲ್ಲ ಅಷ್ಟೇ.

ನಮ್ಮಲ್ಲಿ ಹೆಸರು ಮಾಡಿದ್ದ ವಿಜ್ಞಾನಿಯೆಂದರೆ ಗುಳ್ಳೆ ಸಾರ್. ತೆಳ್ಳಗೆ ಉದ್ದಕ್ಕಿದ್ದರು, ಮಾತಾಡುವಾಗ ಎರಡೂ ಕೈಯಿಂದ ಗಾಳಿಯಲ್ಲಿ ಗುಳ್ಳೆ ಬಿಡಿಸುತ್ತಿದ್ದರು. ಅವರ ರೇಡಾರ್ ಚಿತ್ರಗಳು, ಕೆಂಪು ಹಳದಿ ಬಣ್ಣದಲ್ಲಿ ಹೊಗೆಯಂತೆ ಮೇಲಕ್ಕೆ ಚಿಮ್ಮಿದ ಗುಳ್ಳೆಗಳು, ಕಾರಿಡಾರಿನ ಉದ್ದಕ್ಕೂ ಚೌಕಟ್ಟಿನಲ್ಲಿ ತೂಗುತ್ತಿದ್ದವು. ಮನುಷ್ಯ ಒಳ್ಳೆಯವರೇ. ಪ್ರತಿ ಸಂಜೆ ಮನೆಗೆ ಹೊರಡುವ ಮುಂಚೆ ಬಾಗಿಲಿನಲ್ಲಿ ತಲೆ ಹಾಕಿ, “ಏನಾದ್ರೂ ಬಂತಾ ಅಕ್ಕಾ?” ಎನ್ನುತ್ತಿದ್ದರು. ಆಕೆ “ಏನೂ ಇಲ್ಲ ಸಾರ್,” ಎನ್ನುವಷ್ಟರಲ್ಲಿ ಬಾಗಿಲು ಖಾಲಿಯಾಗಿರುತ್ತಿತ್ತು.

ಹತ್ತು ಹನ್ನೆರಡು ವರ್ಷ ದುಡಿದು ಗುಳ್ಳೆ ಸಾರ್ ಒಂದು ಸೂತ್ರ ಕಂಡುಹಿಡಿದರು. ಸಂಜೆ ಪದರ ಯಾವ ವೇಗದಲ್ಲಿ ಮೇಲೇರುತ್ತದೆಂಬುದನ್ನು ಪಕ್ಕದ ಕೋಣೆಯ ಇನ್ನೊಂದು ಯಂತ್ರ ಪ್ರತಿದಿನ ತಾನಾಗಿ ಬರೆದಿಡುತ್ತಿತ್ತು. ಆ ವೇಗ ಇಂತಿಷ್ಟು ದಾಟಿದರೆ ಸ್ವಲ್ಪ ಹೊತ್ತಿಗೆ ಗುಳ್ಳೆ ಏಳುತ್ತದೆ ಎಂಬುದು ಸೂತ್ರ. ಟೇಪುಗಳಿಗೆ ಹೋಲಿಸಿ ನೋಡಿದರು. ಗುಳ್ಳೆ ಎದ್ದ ನೂರು ಸಂಜೆಗಳಲ್ಲಿ ತೊಂಬತ್ತಾರರಲ್ಲಿ ವೇಗ ಆ ಗೆರೆ ದಾಟಿತ್ತು. ಕೇಂದ್ರದಲ್ಲಿ ಸಿಹಿ ಹಂಚಿದರು. ನನಗೂ ಎರಡು ತುಂಡು ಸಿಕ್ಕಿತು.

ಸೂತ್ರ ವಿಮಾನ ನಿಲ್ದಾಣದವರ ಕೈಗೆ ಹೋಯಿತು. ಪದರ ಬೇಗ ಏರಿದ ಪ್ರತಿ ಸಂಜೆ ನಮ್ಮಿಂದ ಅವರಿಗೆ ಎಚ್ಚರಿಕೆ. ಎಚ್ಚರಿಕೆ ಬಂದರೆ ಉಪಗ್ರಹ ನಂಬಿ ವಿಮಾನ ಇಳಿಸುವುದನ್ನು ನಿಲ್ಲಿಸಿ, ಹಳೆಯ ವಿಧಾನದಲ್ಲಿ ಒಂದೊಂದಾಗಿ ನಿಧಾನಕ್ಕೆ ಇಳಿಸಬೇಕು. ಮೊದಲ ತಿಂಗಳು ಅವರು ಹೇಳಿದಂತೆ ಕೇಳಿದರು. ಎರಡನೇ ತಿಂಗಳು ಗೊಣಗಿದರು. ಎಚ್ಚರಿಕೆ ಕೊಟ್ಟ ಎಷ್ಟೋ ಸಂಜೆ ಉಪಗ್ರಹದ ಸಂಕೇತ ಕೊಂಚವೂ ಅಲುಗಾಡಿರಲಿಲ್ಲ. ಪ್ರಯಾಣಿಕರು ಮಾತ್ರ ಆಕಾಶದಲ್ಲಿ ಸುತ್ತು ಹೊಡೆದು ಹೊಡೆದು ಇಳಿದ ಮೇಲೆ ಕಂಡಕಂಡವರ ಮೇಲೆ ಹರಿಹಾಯುತ್ತಿದ್ದರು. ನಾಲ್ಕನೇ ತಿಂಗಳಿಗೆ ನಿಲ್ದಾಣದವರು ನಮ್ಮ ಎಚ್ಚರಿಕೆಯನ್ನು ಓದುವುದನ್ನೇ ಬಿಟ್ಟರು. ಹಾಗೆ ಬಿಟ್ಟ ಒಂದು ಸಂಜೆ ನಿಜವಾಗಿಯೇ ಗುಳ್ಳೆಯೆದ್ದು, ಒಂದು ವಿಮಾನ ರನ್‌ವೇ ಬಿಟ್ಟು ಪಕ್ಕದ ಹುಲ್ಲಿನ ಕಡೆಗೆ ಬಾಗಿ, ಪೈಲಟ್ ಕೊನೆಯ ಕ್ಷಣದಲ್ಲಿ ಮತ್ತೆ ಮೇಲೆತ್ತಿದ. ಯಾರಿಗೂ ಏನೂ ಆಗಲಿಲ್ಲ. ಆದರೆ ವಿಚಾರಣೆಗೆ ಸಮಿತಿಯೊಂದು ಬಂತು.

ಸಮಿತಿಯ ಅಧ್ಯಕ್ಷೆ ವಯಸ್ಸಾದ ವಿಜ್ಞಾನಿ. ಬಿಳಿ ಕೂದಲನ್ನು ಗಂಡಸರಂತೆ ಕತ್ತರಿಸಿಕೊಂಡಿದ್ದರು. ಗುಳ್ಳೆ ಸಾರ್ ಒಂದು ಗಂಟೆ ಚಿತ್ರ ತೋರಿಸಿ ವಿವರಿಸಿದ್ದನ್ನು ಹೂಂಗುಟ್ಟುತ್ತಾ ಕೇಳಿ, ಒಂದೇ ಪ್ರಶ್ನೆ ಹಾಕಿದರು.

“ಗುಳ್ಳೆ ಎದ್ದ ದಿನ ಪದರ ಬೇಗ ಏರಿತ್ತು, ಸರಿ. ಪದರ ಬೇಗ ಏರಿಯೂ ಗುಳ್ಳೆ ಏಳದ ದಿನ ಎಷ್ಟು?”

ಗುಳ್ಳೆ ಸಾರ್ ಎತ್ತಿದ ಕೈ ಹಾಗೇ ನಿಂತಿತು. “ಅದಕ್ಕೆ ಟೇಪ್ ಇಲ್ಲ ಮೇಡಂ.”

“ಟೇಪ್ ಇಲ್ಲ ಅಂದ್ರೆ ಗುಳ್ಳೆ ಏಳಲಿಲ್ಲ ಅಂತಲಾ?”

“ಹಾಗೂ ಇರಬಹುದು. ಯಂತ್ರ ಕೆಟ್ಟಿರಬಹುದು, ಕರೆಂಟ್ ಹೋಗಿರಬಹುದು, ಟೇಪ್ ಕಳೆದಿರಬಹುದು.”

“ಅಂದ್ರೆ ಕಳ್ಳರನ್ನ ಮಾತ್ರ ಸಾಲಾಗಿ ನಿಲ್ಲಿಸಿ ನೋಡಿದ್ದೀರಿ. ಎಲ್ಲರಿಗೂ ಮೀಸೆ ಇತ್ತು. ಅದಕ್ಕೇ ಮೀಸೆ ಇದ್ದೋರೆಲ್ಲ ಕಳ್ಳರು ಅಂತ ಬರೆದುಬಿಟ್ರಿ.”

ಗುಳ್ಳೆ ಸಾರ್ ಹೊರಗೆ ಬಂದಾಗ ಮುಖ ಸುಣ್ಣ ಬಳಿದಂತಿತ್ತು. ನೀರಿನ ಹೂಜಿ ಹಿಡಿದು ಬಾಗಿಲಲ್ಲಿ ನಿಂತಿದ್ದ ನಾನು, ಅವರ ಸ್ಥಿತಿ ನೋಡಲಾರದೆ, “ಸಾರ್, ಏನಿಲ್ಲಕ್ಕನ ಪುಸ್ತಕ ಇದೆಯಲ್ಲ,” ಎಂದೆ.

ಇದೇ ನನ್ನ ಪಾಲು. ಎಲ್ಲರೂ ನನ್ನನ್ನು ಹೊಗಳಿದರು, ಹತ್ತೊಂಬತ್ತು ವರ್ಷದ ಹತ್ತೊಂಬತ್ತು ಪುಸ್ತಕಗಳನ್ನು ಜೋಪಾನವಾಗಿ ಕಾಪಾಡಿದನೆಂದು. ನಿಜ ಹೇಳಬೇಕೆಂದರೆ, ಹಿಂದಿನ ವರ್ಷವೇ ಅವನ್ನು ಹಳೇ ಪೇಪರಿನವನಿಗೆ ಹಾಕಲು ಹೊರಟಿದ್ದೆ. ರಟ್ಟು ಕಿತ್ತುಕೊಟ್ಟರೆ ಮಾತ್ರ ತೆಗೆದುಕೊಳ್ಳುತ್ತೇನೆಂದು ಅವನು ಹಟ ಹಿಡಿದ. ಹತ್ತೊಂಬತ್ತು ಗಟ್ಟಿ ರಟ್ಟು ಕೀಳುವಷ್ಟು ಉಮೇದು ನನಗಿರಲಿಲ್ಲ. ಭೂಮಧ್ಯರೇಖೆಯ ಅಯಾನುಗೋಳದ ವಿಜ್ಞಾನ ಉಳಿದದ್ದು ನನ್ನ ಸೋಮಾರಿತನದಿಂದ.

ಗುಳ್ಳೆ ಸಾರ್ ಮತ್ತು ನಾನು ಪುಸ್ತಕಗಳನ್ನು ಧೂಳು ಕೊಡವಿ ಹೊತ್ತುತಂದಾಗ ಆಕೆ ಎಂದಿನಂತೆ ಪರದೆಯ ಮುಂದಿದ್ದಳು. ಅವರು ನಿಂತಲ್ಲೇ ಒಂದಿಪ್ಪತ್ತು ಪುಟ ತಿರುವಿದರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತರು. ಆ ಕೋಣೆಯಲ್ಲಿ ಅವರು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

“ಇದನ್ನ ನನಗೆ ಯಾಕೆ ಮೊದಲೇ ಹೇಳಲಿಲ್ಲ ಅಕ್ಕಾ?”

“ದಿನಾ ಹೇಳ್ತಿದ್ದೆನಲ್ಲ ಸಾರ್. ನೀವು ಕೇಳ್ತಿದ್ರಿ, ನಾನು ಏನೂ ಇಲ್ಲ ಅಂತಿದ್ದೆ.”

ಅವರು ತಲೆ ತಗ್ಗಿಸಿ ಪುಸ್ತಕ ಓದತೊಡಗಿದರು.

ಮರುದಿನ ಸಮಿತಿ ಆಕೆಯನ್ನು ಕರೆಸಿತು. ಉಗ್ರಾಣದ ದಾಖಲೆ ಹಿಡಿದುಕೊಂಡು ನಾನೂ ಹೋಗಬೇಕಾಯಿತು. ಅಧ್ಯಕ್ಷೆ ಮುಲಾಜಿಲ್ಲದೆ ಶುರುಮಾಡಿದರು.

“ಮೂರು ಸಾವಿರದ ಎಂಟುನೂರು ಸಂಜೆ ಏನೂ ಇಲ್ಲ ಅಂತ ಬರೆದಿದ್ದೀರಿ. ಒಂದೇ ಕೈಬರಹ, ಒಂದೇ ಮಾತು. ಒಂದು ಭಾನುವಾರ ಮನೇಲಿ ಕೂತು ಪೂರ್ತಿ ಪುಸ್ತಕ ತುಂಬಿಸಬಹುದಿತ್ತು. ನೀವು ನಿಜವಾಗಿ ನೋಡಿದ್ರಿ ಅನ್ನೋದಕ್ಕೆ ಏನು ಗ್ಯಾರಂಟಿ?”

“ಗ್ಯಾರಂಟಿ ಏನೂ ಇಲ್ಲ ಮೇಡಂ,” ಎಂದಳು ಏನಿಲ್ಲಕ್ಕ. ಅಭ್ಯಾಸಬಲ. ಸಮಿತಿಯ ಒಬ್ಬರಿಗೆ ನಗು ಬಂತು.

ಅಧ್ಯಕ್ಷೆ ನಗಲಿಲ್ಲ. ಶಕ್ತಿಯ ಅಂಕಿಗಳ ಮೇಲೆ ಬೆರಳೋಡಿಸಿದರು. ಅವು ತಿಂಗಳಿಂದ ತಿಂಗಳಿಗೆ ಒಂದಿಷ್ಟೇ ಇಳಿಯುತ್ತಾ ಬಂದು, ಒಂದು ದಿನ ಇದ್ದಕ್ಕಿದ್ದಂತೆ ಮೇಲಕ್ಕೆ ಹಾರುತ್ತಿದ್ದವು. ಅವರು ನನ್ನ ಕಡೆ ತಿರುಗಿ, ಅಲೆಗೆ ಬಲ ಕೊಡುವ, ಉರಿದಂತೆಲ್ಲ ಸವೆಯುವ ಆ ದೊಡ್ಡ ಗಾಜಿನ ವಾಲ್ವನ್ನು ಯಾವ್ಯಾವ ದಿನ ಕೊಟ್ಟಿದ್ದೀರೆಂದು ಕೇಳಿದರು. ನಾನು ಓದುತ್ತಾ ಹೋದೆ, ಅವರು ಪುಸ್ತಕದಲ್ಲಿ ಗುರುತು ಹಾಕುತ್ತಾ ಹೋದರು. ಹತ್ತೊಂಬತ್ತು ವರ್ಷದಲ್ಲಿ ಕೊಟ್ಟ ಇಪ್ಪತ್ತಾರು ವಾಲ್ವೂ ಅಂಕಿ ಹಾರಿದ ದಿನಕ್ಕೇ ಕೂತವು. ಮನೆಯಲ್ಲಿ ಕೂತು ಬರೆಯುವವರಿಗೆ ವಾಲ್ವಿನ ಮುಪ್ಪು ಕಾಣುವುದಿಲ್ಲ.

“ಯಂತ್ರ ಹಚ್ಚಿದ್ರಿ ಅನ್ನೋದು ಖಾತ್ರಿಯಾಯ್ತು,” ಎಂದರು ಅಧ್ಯಕ್ಷೆ. “ಹಚ್ಚಿ ಹರಟೆಗೆ ಹೋಗಿರಬಹುದಲ್ಲ.” ಆಮೇಲೆ ಒಂದು ಪುಟದಲ್ಲಿ ತಡೆದು ನಿಂತರು. “ಇದೇನು?”

ಅಲ್ಲಿ ಹೀಗಿತ್ತು: ‘7.00ರಿಂದ 7.40: ಗೊತ್ತಿಲ್ಲ. ನಾನು ಕುರ್ಚಿಯಲ್ಲಿ ಇರಲಿಲ್ಲ.’

“ಅವತ್ತು ಮಗಳಿಗೆ ಜ್ವರ ಅಂತ ಮನೆಯಿಂದ ಫೋನ್ ಬಂತು ಮೇಡಂ. ಆಫೀಸಿನ ಫೋನ್ ಆ ತುದೀಲಿದೆ.”

“ಏನೂ ಇಲ್ಲ ಅಂತಲೇ ಬರೆಯಬಹುದಿತ್ತಲ್ಲ? ಮುಂಚೆನೂ ಏನೂ ಇಲ್ಲ, ಆಮೇಲೂ ಏನೂ ಇಲ್ಲ.”

“ನಾನು ನೋಡಿಲ್ಲವಲ್ಲ,” ಎಂದಳು ಏನಿಲ್ಲಕ್ಕ. ಇಷ್ಟು ದೊಡ್ಡವರಿಗೆ ಇದನ್ನೂ ಬಿಡಿಸಿ ಹೇಳಬೇಕೇ ಎಂದು ಆಕೆಗೆ ಮುಜುಗರವಾದಂತಿತ್ತು.

ಸಮಿತಿಯವರು ಹತ್ತೊಂಬತ್ತು ಪುಸ್ತಕವನ್ನೂ ಹುಡುಕಿದರು. ಅಂಥ ‘ಗೊತ್ತಿಲ್ಲ’ ಒಟ್ಟು ಹನ್ನೊಂದು ಸಿಕ್ಕವು. ಅಧ್ಯಕ್ಷೆ ಕನ್ನಡಕ ತೆಗೆದಿಟ್ಟು, “ಈ ಹನ್ನೊಂದು ಇರೋದ್ರಿಂದ ಆ ಮೂರು ಸಾವಿರದ ಎಂಟುನೂರನ್ನೂ ನಾನು ನಂಬ್ತೀನಿ,” ಎಂದರು.

ಪಕ್ಕದ ಯಂತ್ರ ಬರೆದಿಟ್ಟ ವೇಗವನ್ನೂ ಆಕೆಯ ಪುಸ್ತಕವನ್ನೂ ಅಕ್ಕಪಕ್ಕ ಇಟ್ಟು ಗುಳ್ಳೆ ಸಾರ್ ಎರಡು ವಾರ ಲೆಕ್ಕ ಮಾಡಿದರು. ಅವರ ಸೂತ್ರ ‘ಗುಳ್ಳೆ ಬರುತ್ತದೆ’ ಎನ್ನುವ ನೂರು ಸಂಜೆಗಳಲ್ಲಿ ಮೂವತ್ತೆಂಟು ಸಂಜೆ ಏನೂ ಇರಲಿಲ್ಲ. ಸೂತ್ರ ಸತ್ತಿತು. ಆದರೆ ಗುಳ್ಳೆ ಸಾರ್ ಬದುಕಿಕೊಂಡರು. ಗುಳ್ಳೆ ಯಾಕೆ ಏಳುತ್ತದೆಂದು ಜಗತ್ತೆಲ್ಲ ಕೇಳುತ್ತಿದ್ದಾಗ, ಎಲ್ಲ ಸಿದ್ಧವಾಗಿದ್ದೂ ಯಾಕೆ ಏಳುವುದಿಲ್ಲವೆಂದು ಅವರು ಕೇಳತೊಡಗಿದರು, ಮತ್ತು ಅದರಲ್ಲಿ ಮೊದಲಿಗಿಂತ ಹೆಚ್ಚು ಹೆಸರು ಮಾಡಿದರು. ಲೇಖನದಲ್ಲಿ ಆಕೆಯ ಹೆಸರನ್ನೂ ಸೇರಿಸುತ್ತೇನೆಂದು ಒಪ್ಪಿಗೆ ಕೇಳಲು ಆಕೆಯ ಮನೆಗೇ ಹೋದರು. ಅತ್ತೆ ವಿಚಾರಿಸಿದರಂತೆ, ಆ ಲೇಖನದಲ್ಲಿ ಏನಿದೆಯೆಂದು. ಯಾವ್ಯಾವ ಸಂಜೆ ಏನೂ ಆಗಲಿಲ್ಲ ಎಂಬುದು ಇದೆ ಎಂದರಂತೆ ಗುಳ್ಳೆ ಸಾರ್.

“ಅದಕ್ಕೆ ಇಬ್ಬರು ಬೇಕಾ?” ಎಂದರಂತೆ ಅತ್ತೆ.

ಸಮಿತಿಯ ವರದಿ ಮುಖ್ಯ ಕಚೇರಿಗೆ ಹೋಯಿತು. ಆಕೆಯ ಪ್ರಾಮಾಣಿಕತೆಯನ್ನು ಮೆಚ್ಚಿ ಅಧ್ಯಕ್ಷೆ ಒಂದಿಡೀ ಪುಟ ಬರೆದಿದ್ದರು. ಹನ್ನೊಂದು ಸಲ ಕುರ್ಚಿಯಲ್ಲಿರಲಿಲ್ಲವೆಂದು ತಾವಾಗಿಯೇ ದಾಖಲಿಸಿದ್ದಾರೆ ಎಂಬ ವಾಕ್ಯವೂ ಅದರಲ್ಲಿತ್ತು. ಮುಖ್ಯ ಕಚೇರಿಯಲ್ಲಿ ಯಾರೋ ಆ ಒಂದು ವಾಕ್ಯದ ಕೆಳಗೆ ಕೆಂಪು ಗೆರೆ ಎಳೆದರು. ತಿಂಗಳೊಳಗೆ ಆಕೆಗೆ ನೋಟಿಸು ಬಂತು: ಅನುಮತಿಯಿಲ್ಲದೆ ಹನ್ನೊಂದು ಬಾರಿ ಕರ್ತವ್ಯದ ಸ್ಥಳ ಬಿಟ್ಟದ್ದೇಕೆ, ಏಳು ದಿನದೊಳಗೆ ಉತ್ತರಿಸತಕ್ಕದ್ದು.

ರಾತ್ರಿ ಪಾಳಿಯವನು ಪುಸ್ತಕವನ್ನೇ ಬರೆಯುತ್ತಿರಲಿಲ್ಲ, ಹಾಗಾಗಿ ಅವನು ಒಂದು ಸಲವೂ ಸ್ಥಳ ಬಿಟ್ಟಿರಲಿಲ್ಲ.

ಗುಳ್ಳೆ ಸಾರ್ ಕಾಲು ನೆಲಕ್ಕೆ ಅಪ್ಪಳಿಸಿ ಕೂಗಾಡಿದರು. ನಿರ್ದೇಶಕರು ಮುಖ್ಯ ಕಚೇರಿಗೆ ಎರಡು ಸಲ ಫೋನ್ ಮಾಡಿ, ಎರಡೂ ಸಲ ‘ಆಗಲಿ ಸಾರ್’ ಎಂದು ಇಟ್ಟರು. ಏನಿಲ್ಲಕ್ಕ ಮಾತ್ರ ಸಮಾಧಾನವಾಗಿ ನನ್ನ ಉಗ್ರಾಣಕ್ಕೆ ಬಂದು, ಹಳೆಯ ಟೈಪ್‌ರೈಟರನ್ನು ಕೆಳಗಿಳಿಸಿಕೊಂಡು, ಉತ್ತರ ಕುಟ್ಟಿದಳು. ಮಗಳ ಜ್ವರ ಮೂರು ಸಲ. ಸೂರು ಸೋರಿ ಬಕೆಟ್ ತರಲು ಹೋದದ್ದು ಎರಡು. ಗಂಡನ ಕೈ ಒಲೆಯಲ್ಲಿ ಸುಟ್ಟಿದ್ದು ಒಂದು. ಹೊಟ್ಟೆ ಕೆಟ್ಟಿದ್ದು ಮೂರು. ಅದನ್ನೂ ಹಾಗೆಯೇ ಬರೆದಳು. ನಿರ್ದೇಶಕರೇ ಬೇರೆ ಕೆಲಸಕ್ಕೆ ಕರೆಸಿಕೊಂಡದ್ದು ಒಂದು. ಹನ್ನೊಂದನೆಯದಕ್ಕೆ ಮಾತ್ರ, ‘ಕಾರಣ ಹೇಳಲು ಇಷ್ಟವಿಲ್ಲ’.

ಮುಖ್ಯ ಕಚೇರಿ ಹತ್ತು ಕಾರಣಗಳನ್ನು ಒಪ್ಪಿಕೊಂಡಿತು. ಹನ್ನೊಂದನೆಯದಕ್ಕೆ ಲಿಖಿತ ಎಚ್ಚರಿಕೆ ಕೊಟ್ಟು, ಬಡ್ತಿಯನ್ನು ಒಂದು ವರ್ಷ ಮುಂದೂಡಿತು. ಎಚ್ಚರಿಕೆಯ ಪತ್ರ ಮತ್ತು ಸಮಿತಿಯ ಮೆಚ್ಚುಗೆಯ ಪುಟ, ಎರಡನ್ನೂ ಆಕೆಯ ಕಡತದಲ್ಲಿ ಒಂದೇ ಪಿನ್ನಿಗೆ ಚುಚ್ಚಿಟ್ಟರು. ಆಮೇಲೆ ಎಲ್ಲ ಪಾಳಿಯವರೂ ಆಕೆಯ ಹಾಗೆಯೇ ಬರೆಯಬೇಕೆಂದು ಆದೇಶವಾಯಿತು. ಬರೆದರು. ಆದರೆ ‘ಗೊತ್ತಿಲ್ಲ’ ಎಂದು ಮತ್ತೆ ಯಾರೂ ಬರೆಯಲಿಲ್ಲ; ನೋಟಿಸಿನ ಸುದ್ದಿ ಎಲ್ಲರ ಕಿವಿಗೂ ಬಿದ್ದಿತ್ತು. ಆಕೆಯೊಬ್ಬಳು, ನಿವೃತ್ತಳಾಗುವ ಮುಂಚಿನ ಆರು ವರ್ಷದಲ್ಲಿ, ಇನ್ನೂ ನಾಲ್ಕು ಸಲ ಬರೆದಳು.

ಬೀಳ್ಕೊಡುಗೆಯ ದಿನ ಭಾಷಣಗಳೆಲ್ಲ ಮುಗಿದು, ನಾವಿಬ್ಬರೇ ಗೇಟಿನ ಹತ್ತಿರ ಬಸ್ಸಿಗೆ ಕಾಯುತ್ತಿದ್ದೆವು. ನನಗೆ ತಡೆಯಲಾಗಲಿಲ್ಲ.

“ಅಕ್ಕಾ, ಆ ಹನ್ನೊಂದನೆಯದು ಏನು?”

ಆಕೆ ಬಯಲಿನ ಕಡೆ ನೋಡಿದಳು. ಮುಖದಲ್ಲಿ ಸಣ್ಣ ನಗೆಯಿತ್ತು.

“ಅವತ್ತು ಬೇಕರಿಯ ಒಲೆ ಕೆಟ್ಟು ಅವರಿಗೆ ಮರುದಿನ ರಜೆ ಸಿಕ್ಕಿತ್ತು, ಬೇಗ ಮಲಗಬೇಕಿರಲಿಲ್ಲ. ನನಗೆ ಹೇಳದೆ ಕೇಳದೆ ಬಸ್ ಹತ್ತಿ ಇಲ್ಲಿಗೇ ಬಂದುಬಿಟ್ರು. ನಾವಿಬ್ಬರೇ ಒಟ್ಟಿಗೆ ಒಂದು ಸಂಜೆ ನೋಡಿ ಎಷ್ಟೋ ವರ್ಷ ಆಗಿತ್ತು. ಆ ತಂತಿಗಳ ಕೆಳಗೆ ಆ ತುದೀವರೆಗೂ ನಡ್ಕೊಂಡು ಹೋದ್ವಿ, ಕತ್ತಲಾಗೋವರೆಗೂ.”

“ಆಕಾಶ ಹೇಗಿತ್ತು?”

“ಯಾರಿಗೆ ಗೊತ್ತು,” ಎಂದಳು. ಅಷ್ಟರಲ್ಲಿ ಬಸ್ಸು ಬಂತು.